ಕಥನದ ಗತಿ ಮತ್ತು ಪ್ರೇಕ್ಷಕರ ತಕರಾರು: ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಸುತ್ತಣ ಚರ್ಚೆಯ ವಿವೇಚನೆ

ಕೃತಿಯೊಂದು ಅಕ್ಷರದಿಂದ ದೃಶ್ಯಕ್ಕೆ ದಾಟುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಸಾಹಿತ್ಯ ವಿಮರ್ಶೆಗೆ ಹಳೆಯ ಪ್ರಶ್ನೆ. ಈ ಪ್ರಶ್ನೆಯನ್ನು ಹೆಚ್ಚಾಗಿ ಎತ್ತುತ್ತ ಬಂದವರು ವಿಮರ್ಶಕರು, ನಾಟಕಕಾರರು ಹಾಗೂ ಚಲನಚಿತ್ರ ನಿರ್ದೇಶಕರು. 2019ರ ಮೇ ತಿಂಗಳಿನಲ್ಲಿ ಅದು ಸಾಮಾನ್ಯ ಪ್ರೇಕ್ಷಕರ ಮನೆಮಾತಾಯಿತು. ಅಮೆರಿಕದ ಎಚ್‌ಬಿಒ ವಾಹಿನಿಯು 2011ರ ಏಪ್ರಿಲಿನಿಂದ ಪ್ರಸಾರ ಮಾಡುತ್ತ ಬಂದಿದ್ದ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅದ್ಭುತ ಕಥನದ ಧಾರಾವಾಹಿ ಆ ತಿಂಗಳ 19ರಂದು ಮುಕ್ತಾಯಗೊಂಡಿತು. ಕೊನೆಯ ಕಂತನ್ನು ಪ್ರಸಾರದ ರಾತ್ರಿಯೇ ಅಮೆರಿಕವೊಂದರಲ್ಲಿ ಸುಮಾರು 1 ಕೋಟಿ 93 ಲಕ್ಷ ಜನ ನೋಡಿದರು. ಅದೇ ವೇಳೆಗೆ, ಕೊನೆಯ ಸೀಸನ್ನನ್ನು ಸಮರ್ಥ ಬರೆಹಗಾರರಿಂದ ಮತ್ತೊಮ್ಮೆ ಬರೆಯಿಸಿ ನಿರ್ಮಿಸಬೇಕೆಂದು ಕೋರುವ ಸಾರ್ವಜನಿಕ ಅರ್ಜಿಯೊಂದಕ್ಕೆ 15 ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಸೀಸನ್ನಿಗೆ ಶ್ರೇಷ್ಠ ನಾಟಕ ಧಾರಾವಾಹಿಗಾಗಿ ಇರುವ ಎಮ್ಮಿ ಪ್ರಶಸ್ತಿಯೂ ದೊರಕಿತು.

ಜನಪ್ರಿಯತೆ, ಅತೃಪ್ತಿ, ಮನ್ನಣೆ ಈ ಮೂರೂ ಒಂದೇ ಕೃತಿಯ ಸುತ್ತ ಒಂದೇ ವರ್ಷ ಕೂಡಿಬಂದದ್ದು ಗಮನಾರ್ಹ. ಅತೃಪ್ತಿ ವ್ಯಕ್ತಪಡಿಸಿದವರಲ್ಲಿ ಬಹುಮಂದಿ ಕಥೆ ಹೀಗೇಕೆ ಮುಗಿಯಿತು ಎಂದು ಕೇಳಲಿಲ್ಲ, ಇಷ್ಟು ಬೇಗ ಇಲ್ಲಿಗೆ ಹೇಗೆ ಬಂದಿತು ಎಂದು ಕೇಳಿದರು. ಮೇಲುನೋಟಕ್ಕೆ ಇದು ವೇಗದ ಕುರಿತ ದೂರು. ಒಳಹೊಕ್ಕು ನೋಡಿದರೆ ಕಥೆಯ ಕಾರ್ಯಕಾರಣ ಸಂಬಂಧ, ಪಾತ್ರದ ಔಚಿತ್ಯ, ಕರ್ತೃತ್ವದ ಹಕ್ಕು ಇವೆಲ್ಲವೂ ಅದರಲ್ಲಿ ಅಡಗಿವೆ. ಈ ಚರ್ಚೆಯ ಸ್ವರೂಪವನ್ನು ಗುರುತಿಸಿ, ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಿಂದ ಅದಕ್ಕೆ ಏನಾದರೂ ಬೆಳಕು ದೊರೆಯುವುದೇ ಎಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲಕೃತಿ ಮತ್ತು ರೂಪಾಂತರ

ಧಾರಾವಾಹಿಗೆ ಮೂಲ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಎಂಬ ಕಾದಂಬರಿಮಾಲೆ. ಮಾರ್ಟಿನ್ 1980ರ ದಶಕದಲ್ಲಿ ಸ್ವತಃ ದೂರದರ್ಶನಕ್ಕೆ ಬರೆಯುತ್ತಿದ್ದವರು. ಚಿತ್ರೀಕರಣದ ವೆಚ್ಚ ಮತ್ತು ಕಾಲಾವಧಿಗಳ ಕಟ್ಟುಪಾಡಿನಿಂದ ಬೇಸತ್ತು, ಕಲ್ಪನೆಗೆ ಯಾವ ಎಲ್ಲೆಯೂ ಇರದ ಬೃಹತ್ ಕಥನವೊಂದನ್ನು ಬರೆಯಲು ಅವರು ಕಾದಂಬರಿಗೆ ಮರಳಿದರು. ಮಾಲೆಯ ಮೊದಲ ಸಂಪುಟ 1996ರಲ್ಲಿ ಹೊರಬಂದಿತು. ಮೂರನೆಯದು 2000ದಲ್ಲಿ, ನಾಲ್ಕನೆಯದು 2005ರಲ್ಲಿ, ಐದನೆಯದು 2011ರಲ್ಲಿ ಪ್ರಕಟವಾದವು. ಮೊದಲು ಮೂರೇ ಸಂಪುಟಗಳೆಂದು ಯೋಜಿಸಿದ್ದ ಕೃತಿ ಏಳಕ್ಕೆ ಬೆಳೆಯಿತು. ಆರನೆಯ ಸಂಪುಟ ಪ್ರಕಟವಾಗುವ ಮೊದಲೇ ಧಾರಾವಾಹಿ ಮುಗಿದುಹೋಯಿತು.

ಸಂಪುಟಗಳ ನಡುವಣ ಅಂತರ ಹೆಚ್ಚುತ್ತ ಹೋದುದಕ್ಕೆ ಕೃತಿಯ ಸ್ವರೂಪದಲ್ಲಿಯೇ ಕಾರಣವಿದೆ. ಬರೆಹಗಾರರಲ್ಲಿ ವಾಸ್ತುಶಿಲ್ಪಿಗಳೆಂದೂ ತೋಟಗಾರರೆಂದೂ ಎರಡು ಬಗೆ ಎಂಬುದು ಮಾರ್ಟಿನ್ ಅವರ ಪ್ರಸಿದ್ಧ ವಿಂಗಡಣೆ. ಮೊದಲ ಬಗೆಯವರು ಕಟ್ಟಡದ ನಕ್ಷೆಯನ್ನು ಪೂರ್ತಿಯಾಗಿ ಬರೆದುಕೊಂಡ ಮೇಲೆಯೇ ತಳಪಾಯ ತೋಡುವವರು; ಎರಡನೆಯವರು ಬೀಜ ನೆಟ್ಟು, ನೀರೆರೆದು, ಗಿಡ ಹೇಗೆ ಕವಲೊಡೆಯುವುದೋ ನೋಡುವವರು. ತಾವು ಎರಡನೆಯ ಬಗೆಯವರೆಂದು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. ಇಂಥ ತೋಟದಲ್ಲಿ ಕವಲುಗಳು ಹೆಚ್ಚಿದಷ್ಟೂ ಅವುಗಳನ್ನು ಒಂದೆಡೆಗೆ ತಂದು ಸೇರಿಸುವ ಕೆಲಸ ಕಷ್ಟವಾಗುತ್ತದೆ. ನಾಲ್ಕನೆಯ ಮತ್ತು ಐದನೆಯ ಸಂಪುಟಗಳು ಬಹುಮಟ್ಟಿಗೆ ಒಂದೇ ಕಾಲದಲ್ಲಿ ಬೇರೆ ಬೇರೆ ಪ್ರದೇಶಗಳಲ್ಲಿ ನಡೆಯುವ ಘಟನೆಗಳನ್ನು ಹಂಚಿಕೊಂಡಿವೆ. ಪಾತ್ರಸಂಖ್ಯೆ ಅಷ್ಟು ಬೆಳೆದಿತ್ತು.

ಕಾದಂಬರಿಯ ಇನ್ನೊಂದು ಲಕ್ಷಣವೂ ಚರ್ಚೆಗೆ ಮುಖ್ಯ. ಪ್ರತಿ ಅಧ್ಯಾಯವೂ ಒಂದು ಪಾತ್ರದ ದೃಷ್ಟಿಯಿಂದ ನಿರೂಪಿತವಾಗಿದೆ. ಬಹುಪಾಲು ಅಧ್ಯಾಯಗಳಿಗೆ ಆ ಪಾತ್ರದ ಹೆಸರೇ ಶೀರ್ಷಿಕೆ. ಓದುಗನು ಘಟನೆಯನ್ನು ಕಾಣುವುದಕ್ಕೆ ಮೊದಲು ಪಾತ್ರದ ಮನಸ್ಸನ್ನು ಹೊಕ್ಕಿರುತ್ತಾನೆ. ಆ ಪಾತ್ರದ ಸಂಶಯ, ಭಯ, ಆತ್ಮವಂಚನೆಗಳು ಅವನಿಗೆ ತಿಳಿದಿರುತ್ತವೆ. ದೃಶ್ಯಮಾಧ್ಯಮಕ್ಕೆ ಈ ಸೌಲಭ್ಯವಿಲ್ಲ. ಅಂತರಂಗದಲ್ಲಿ ನಡೆಯುವುದೆಲ್ಲವೂ ಅಲ್ಲಿ ಮಾತಾಗಿಯೋ ಮುಖಭಾವವಾಗಿಯೋ ಕ್ರಿಯೆಯಾಗಿಯೋ ಹೊರಬರಬೇಕು. ಇದಕ್ಕೆ ಕಾಲ ಬೇಕು. ಗತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೂಲನಿಷ್ಠೆಯಿಂದ ಗತಿಯ ಕಡೆಗೆ

ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ರೂಪಿಸಿದ ಈ ಧಾರಾವಾಹಿಯಲ್ಲಿ ಎಂಟು ಸೀಸನ್ನುಗಳು, ಒಟ್ಟು 73 ಕಂತುಗಳು. ಮೊದಲ ಆರು ಸೀಸನ್ನುಗಳಲ್ಲಿ ತಲಾ 10 ಕಂತುಗಳಿದ್ದರೆ ಏಳನೆಯದರಲ್ಲಿ 7, ಎಂಟನೆಯದರಲ್ಲಿ 6 ಕಂತುಗಳಿವೆ. ಮೊದಲ ಸಂಪುಟಕ್ಕೆ ಮೊದಲ ಸೀಸನ್, ಎರಡನೆಯದಕ್ಕೆ ಎರಡನೆಯದು, ಮೂರನೆಯ ಬೃಹತ್ ಸಂಪುಟಕ್ಕೆ ಮುಖ್ಯವಾಗಿ ಮೂರು ಮತ್ತು ನಾಲ್ಕನೆಯ ಸೀಸನ್ನುಗಳು ಮೀಸಲಾದವು. ಮೊದಲ ನಾಲ್ಕು ಸೀಸನ್ನುಗಳಲ್ಲಿ ತಲಾ ಒಂದು ಕಂತನ್ನು ಮಾರ್ಟಿನ್ ಅವರೇ ಬರೆದರು.

ಈ ಅವಧಿಯಲ್ಲಿ ಪ್ರೇಕ್ಷಕರಲ್ಲಿ ಎರಡು ವರ್ಗಗಳಿದ್ದವು. ಕಾದಂಬರಿ ಓದಿ ಕಥೆ ಬಲ್ಲವರು ಒಂದು ವರ್ಗ, ಕಿರುತೆರೆಯಲ್ಲಿಯೇ ಮೊದಲ ಬಾರಿಗೆ ಕಥೆ ಕಾಣುತ್ತಿದ್ದವರು ಇನ್ನೊಂದು ವರ್ಗ. 2011ರ ಜೂನ್ ತಿಂಗಳಿನಲ್ಲಿ ಕಥಾನಾಯಕನೆಂದೇ ಎಲ್ಲರೂ ನಂಬಿದ್ದ ನೆಡ್ ಸ್ಟಾರ್ಕನ ಶಿರಚ್ಛೇದವಾದಾಗ, 2013ರ ಜೂನ್ ತಿಂಗಳಿನಲ್ಲಿ ಮದುವೆಯ ಔತಣದಲ್ಲಿಯೇ ಸ್ಟಾರ್ಕ್ ಮನೆತನದವರ ಕಗ್ಗೊಲೆಯಾದಾಗ ಎರಡನೆಯ ವರ್ಗದವರು ತಲ್ಲಣಿಸಿದರು. ಮೊದಲ ವರ್ಗದವರು ಆ ತಲ್ಲಣವನ್ನು ಕಾದು ನೋಡಿದರು. ಬಲ್ಲವರ ತಕರಾರುಗಳು ಆಗ ಮೂಲನಿಷ್ಠೆಗೆ ಸಂಬಂಧಿಸಿದವು. ಸತ್ತ ಕ್ಯಾಟ್ಲಿನ್ ಸೇಡಿನ ಮೂರ್ತಿಯಾಗಿ ಮರಳಿ ಬರುವ ಪ್ರಸಂಗವನ್ನೇಕೆ ಕೈಬಿಡಲಾಯಿತು, ಸಿಂಹಾಸನಕ್ಕೆ ಹಕ್ಕು ಸಾಧಿಸುವ ಇನ್ನೊಬ್ಬ ರಾಜಕುಮಾರನ ಕಥೆಯೇಕೆ ಬರಲಿಲ್ಲ ಎಂಬಂಥ ಪ್ರಶ್ನೆಗಳು ಅವು.

2016ರ ಆರನೆಯ ಸೀಸನ್ನಿನ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಧಾರಾವಾಹಿ ಪ್ರಕಟಿತ ಕಾದಂಬರಿಗಳನ್ನು ಬಹುಮಟ್ಟಿಗೆ ದಾಟಿ ಮುಂದೆ ನಡೆಯಿತು. ಕಥೆಯ ಕೆಲವು ಮುಖ್ಯ ತಿರುವುಗಳನ್ನು ಮಾರ್ಟಿನ್ ಮೊದಲೇ ನಿರ್ಮಾಪಕರಿಗೆ ತಿಳಿಸಿದ್ದರಾದರೂ ಆ ತಿರುವುಗಳ ನಡುವಣ ದಾರಿಯನ್ನು ರೂಪಾಂತರಕಾರರೇ ಕಡಿಯಬೇಕಾಗಿತ್ತು. ಬಲ್ಲವರೂ ಅರಿಯದವರೂ ಈಗ ಸಮಾನರಾದರು. ಹೋಲಿಸಲು ಮೂಲವೇ ಇಲ್ಲವಾದ್ದರಿಂದ ಮೂಲನಿಷ್ಠೆಯ ವಾದ ನಿಂತಿತು. ಅದರ ಸ್ಥಾನದಲ್ಲಿ ಬಂದದ್ದು ಗತಿಯ ವಾದ. ಧಾರಾವಾಹಿಯ ಉತ್ತರಭಾಗವನ್ನು ಅದರ ಪೂರ್ವಭಾಗದೊಂದಿಗೆ ಹೋಲಿಸುವುದು ಆರಂಭವಾಯಿತು. ಮೂಲಕ್ಕೆ ನಿಷ್ಠವಾಗಿರಬೇಕೆಂಬ ಅಪೇಕ್ಷೆ ಹೋಗಿ, ತನಗೆ ತಾನೇ ಹಾಕಿಕೊಟ್ಟ ನಿಯಮಗಳಿಗೆ ಕಥೆ ನಿಷ್ಠವಾಗಿರಬೇಕೆಂಬ ಅಪೇಕ್ಷೆ ಬಂದಿತು. ಈ ಪಲ್ಲಟವನ್ನು ಗಮನಿಸದೆ ಅಭಿಮಾನಿಗಳ ಚರ್ಚೆಯನ್ನು ಕೇವಲ ಮುನಿಸೆಂದು ತಳ್ಳಿಹಾಕುವುದು ಸರಿಯಲ್ಲ.

ದಾರಿ ಸವೆಯುವ ಪ್ರಶ್ನೆ

ಗತಿಯ ದೂರು ಮೊದಲು ತಲೆಯೆತ್ತಿದ್ದು ಪ್ರಯಾಣದ ವಿಷಯದಲ್ಲಿ. ಮೊದಲ ಕಂತಿನಲ್ಲಿ ರಾಜ ರಾಬರ್ಟನ ಪರಿವಾರ ದಕ್ಷಿಣದ ರಾಜಧಾನಿಯಿಂದ ಉತ್ತರದ ವಿಂಟರ್‌ಫೆಲ್ ಕೋಟೆಗೆ ಬಂದು ತಲಪಲು ಒಂದು ತಿಂಗಳು ಹಿಡಿದಿದೆಯೆಂದು ರಾಣಿಯ ಮಾತಿನಿಂದ ತಿಳಿಯುತ್ತದೆ. ಅನಂತರದ ಸೀಸನ್ನುಗಳಲ್ಲಿ ದಾರಿಯೇ ಕಥೆಯಾಗುತ್ತದೆ. ಶತ್ರುಗಳಾಗಿ ಹೊರಟ ಜೇಮಿ ಮತ್ತು ಬ್ರಿಯೆನ್ ಪರಸ್ಪರ ಗೌರವ ಬೆಳೆಸಿಕೊಳ್ಳುವುದು ದಾರಿಯಲ್ಲಿ. ಬಾಲೆ ಆರ್ಯ ಕೊಲ್ಲುವುದನ್ನು ಕಲಿಯುವುದೂ ದಾರಿಯಲ್ಲಿಯೇ. ವಿಶಾಲವಾದ ಭೂಮಿ, ನಿಧಾನವಾದ ಸಂಚಾರ, ಅನಿಶ್ಚಿತವಾದ ಸುದ್ದಿ ಇವು ಈ ಕಲ್ಪಿತ ಜಗತ್ತಿನ ವಾಸ್ತವಿಕತೆಯ ತಳಹದಿಯಾಗಿದ್ದವು.

2017ರ ಏಳನೆಯ ಸೀಸನ್ನಿನ ಆರನೆಯ ಕಂತಿನಲ್ಲಿ ಈ ತಳಹದಿ ಅಲುಗಿತು. ಉತ್ತರದ ಮಹಾಗೋಡೆಯಾಚೆ ಹೆಪ್ಪುಗಟ್ಟಿದ ಸರೋವರದ ನಡುವೆ ಜಾನ್ ಸ್ನೋ ಮತ್ತು ಸಂಗಡಿಗರು ಶವಸೈನ್ಯದಿಂದ ಸುತ್ತುವರಿಯಲ್ಪಟ್ಟಿದ್ದಾರೆ. ಅವರಲ್ಲೊಬ್ಬ ಗೋಡೆಯವರೆಗೆ ಓಡುತ್ತಾನೆ. ಅಲ್ಲಿಂದ ಕಾಗೆಯೊಂದು ಪತ್ರ ಹೊತ್ತು ದಕ್ಷಿಣದ ದ್ವೀಪಕ್ಕೆ ಹಾರುತ್ತದೆ. ಪತ್ರ ಓದಿದ ಡನೇರಿಸ್ ತನ್ನ ಡ್ರ್ಯಾಗನ್ನುಗಳೊಂದಿಗೆ ಹೊರಟು ಬಂದು ಅವರನ್ನು ಪಾರುಮಾಡುತ್ತಾಳೆ. ಸರೋವರದ ನಡುವೆ ನಿಂತವರಿಗೆ ಈ ನಡುವೆ ಕಳೆದದ್ದು ಎಷ್ಟು ಕಾಲ ಎಂಬುದು ಸ್ಪಷ್ಟವಿಲ್ಲ. ಪ್ರೇಕ್ಷಕರು ದೂರವನ್ನೂ ವೇಗವನ್ನೂ ಲೆಕ್ಕ ಹಾಕಿದರು. ಕಂತಿನ ನಿರ್ದೇಶಕ ಆ್ಯಲನ್ ಟೇಲರ್ ಕಾಲದ ಲೆಕ್ಕ ತುಸು ಮಸುಕಾಗಿದ್ದುದನ್ನು ಅನಂತರ ಒಪ್ಪಿಕೊಂಡರು. ಕಥೆಯ ಓಟ ಅದನ್ನು ಮರೆಸುವುದೆಂಬುದು ಅವರ ಸಮಜಾಯಿಷಿಯಾಗಿತ್ತು.

ಡ್ರ್ಯಾಗನ್ನುಗಳನ್ನೂ ಎದ್ದು ನಡೆಯುವ ಶವಗಳನ್ನೂ ಒಪ್ಪಿಕೊಂಡವರು ಕಾಗೆಯ ವೇಗವನ್ನೇಕೆ ಪ್ರಶ್ನಿಸಬೇಕು ಎಂದು ಹಲವರು ನಕ್ಕರು. ಆದರೆ ಈ ನಗೆ ವಿಷಯವನ್ನು ಮುಟ್ಟುವುದಿಲ್ಲ. ಅದ್ಭುತ ಕಥನದಲ್ಲಿ ಅಸಂಭವವಾದುದಕ್ಕೆ ಅವಕಾಶವಿದೆ, ಅನಿಯತವಾದುದಕ್ಕಿಲ್ಲ. ಡ್ರ್ಯಾಗನ್ ಆ ಜಗತ್ತಿನ ನಿಯಮದೊಳಗೆ ಹುಟ್ಟಿದ್ದು, ದೂರದ ಅಳತೆಯೂ ಆ ಜಗತ್ತಿನದೇ ನಿಯಮ. ಒಂದನ್ನು ನಂಬಿಸಿದ ಕವಿ ಇನ್ನೊಂದನ್ನು ಮುರಿದರೆ ಎರಡರ ಮೇಲಣ ನಂಬಿಕೆಯೂ ಸಡಿಲಗೊಳ್ಳುತ್ತದೆ.

ಈ ಸಮಸ್ಯೆ ಭಾರತೀಯ ನಾಟ್ಯಮೀಮಾಂಸೆಗೆ ಅಪರಿಚಿತವಲ್ಲ. ಒಂದು ಅಂಕದೊಳಗೆ ಒಂದು ದಿನದ ಕಾರ್ಯವಿರಬೇಕು, ಪಾತ್ರವು ದೂರಪ್ರಯಾಣ ಕೈಗೊಂಡರೆ ಅಲ್ಲಿ ಅಂಕವನ್ನು ಮುರಿಯಬೇಕು ಎಂಬುದು ಭರತನ ಅಭಿಪ್ರಾಯ. ಯುದ್ಧ, ರಾಜ್ಯನಾಶ, ಮರಣ, ನಗರದ ಮುತ್ತಿಗೆ ಇವುಗಳನ್ನು ರಂಗದ ಮೇಲೆ ನೇರವಾಗಿ ತೋರಿಸದೆ ಪ್ರವೇಶಕಗಳ ಮೂಲಕ ಸೂಚಿಸಬೇಕೆಂದೂ ನಾಟ್ಯಶಾಸ್ತ್ರ ಹೇಳುತ್ತದೆ. ವಿಷ್ಕಂಭ, ಪ್ರವೇಶಕ, ಚೂಲಿಕೆ, ಅಂಕಾಸ್ಯ, ಅಂಕಾವತಾರ ಎಂಬ ಐದು ಅರ್ಥೋಪಕ್ಷೇಪಕಗಳ ಕಲ್ಪನೆ ಹುಟ್ಟಿದ್ದೇ ತೋರಿಸಲಾಗದ ಕಾಲವನ್ನು ಸಂಕ್ಷೇಪಿಸಿ ಹೇಳುವ ಅಗತ್ಯದಿಂದ. ಕಾಲವನ್ನು ಹಾರಿಸಬಾರದೆಂದು ಪ್ರಾಚೀನರು ಹೇಳಲಿಲ್ಲ. ಹಾರಿಸಿದ್ದು ಪ್ರೇಕ್ಷಕನಿಗೆ ತಿಳಿಯಬೇಕೆಂದು ಹೇಳಿದರು. ಏಳನೆಯ ಸೀಸನ್ನಿನ ಕೊರತೆ ಇರುವುದು ಇಲ್ಲಿಯೇ. ಅದು ಕಾಲವನ್ನು ಹಾರಿಸಿತು, ಆದರೆ ಹಾರಿಸಿದ ಗುರುತನ್ನು ಅಳಿಸಿಹಾಕಿತು.

ಡನೇರಿಸ್: ಬೀಜ ಮತ್ತು ನಿರ್ವಹಣ

ಪ್ರಯಾಣದ ಗೊಂದಲ ಹೊರಗಿನದು. ಪಾತ್ರದ ಅಂತರಂಗದ ಪಯಣದಲ್ಲಿ ಅದೇ ಗೊಂದಲ ಕಾಣಿಸಿಕೊಂಡಾಗ ಚರ್ಚೆ ತೀವ್ರವಾಯಿತು. 2019ರ ಮೇ 12ರಂದು ಪ್ರಸಾರವಾದ ‘ದಿ ಬೆಲ್ಸ್’ ಎಂಬ ಕಂತಿನಲ್ಲಿ ಶರಣಾಗತಿಯ ಗಂಟೆಗಳು ಮೊಳಗಿದ ಮೇಲೆಯೂ ಡನೇರಿಸ್ ಡ್ರ್ಯಾಗನ್ನನ್ನೇರಿ ರಾಜಧಾನಿಯ ನಿರಪರಾಧಿ ಜನರನ್ನು ಸುಟ್ಟುಹಾಕುತ್ತಾಳೆ. ಗುಲಾಮರ ಸಂಕೋಲೆ ಕಡಿದವಳೆಂದು ಏಳು ಸೀಸನ್ನುಗಳ ಕಾಲ ಪ್ರೇಕ್ಷಕರು ಮೆಚ್ಚಿಕೊಂಡು ಬಂದ ಪಾತ್ರವಿದು. 2018ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಐನೂರಕ್ಕೂ ಹೆಚ್ಚು ಮಂದಿಗೆ ಆಕೆಯ ಬಿರುದಾದ ‘ಖಲೀಸಿ’ ಎಂಬ ಹೆಸರಿಡಲಾಗಿತ್ತೆಂದರೆ ಆ ಮೆಚ್ಚಿಕೆಯ ಆಳ ತಿಳಿಯುತ್ತದೆ.

ಈ ತಿರುವನ್ನು ಸಮರ್ಥಿಸುವವರು ಮುಂದಿಡುವ ಸಾಕ್ಷ್ಯಗಳು ದುರ್ಬಲವಾದವಲ್ಲ. ಮೊದಲ ಸೀಸನ್ನಿನಲ್ಲಿ ಅಣ್ಣನ ಭೀಕರ ಮರಣವನ್ನು ಆಕೆ ನಿರ್ವಿಕಾರವಾಗಿ ನೋಡುತ್ತಾಳೆ. ಎರಡನೆಯದರಲ್ಲಿ, ಒಳಗೆ ಬಿಡದ ನಗರವನ್ನು ಸುಡುವೆನೆಂದು ಶಪಥ ಮಾಡುತ್ತಾಳೆ. ನಾಲ್ಕನೆಯದರಲ್ಲಿ ಮೀರೀನ್ ನಗರದ 163 ಒಡೆಯರನ್ನು ಕಂಬಗಳಿಗೆ ಮೊಳೆ ಹೊಡೆಸುತ್ತಾಳೆ. ಏಳನೆಯದರಲ್ಲಿ ಮಂಡಿಯೂರದ ತಂದೆಮಕ್ಕಳಿಬ್ಬರನ್ನು ಬೆಂಕಿಗೆ ಆಹುತಿ ಕೊಡುತ್ತಾಳೆ. ಆಕೆಯ ತಂದೆ ‘ಹುಚ್ಚುದೊರೆ’ಯೆಂದೇ ಹೆಸರಾದವನು. ಆದ್ದರಿಂದ ತಿರುವು ಅನಿರೀಕ್ಷಿತವಲ್ಲ, ಪ್ರೇಕ್ಷಕರು ಕುರುಡಾಗಿದ್ದರು ಎಂಬುದು ಈ ಪಕ್ಷದವರ ವಾದ.

ಎದುರು ಪಕ್ಷದವರು ಈ ಘಟನೆಗಳನ್ನು ಅಲ್ಲಗಳೆಯುವುದಿಲ್ಲ. ಅವೆಲ್ಲವೂ ಆಕೆ ಅಪರಾಧಿಗಳೆಂದು ಬಗೆದವರಿಗೆ ಇಲ್ಲವೇ ಶತ್ರುಗಳಿಗೆ ವಿಧಿಸಿದ, ಒಡ್ಡಿದ ಶಿಕ್ಷೆಗಳು. ಶರಣಾದ ಜನರನ್ನು ಸುಡುವುದು ಬೇರೆಯೇ ಜಾತಿಯ ಕೃತ್ಯ. ಒಂದರಿಂದ ಇನ್ನೊಂದಕ್ಕೆ ಸಾಗುವ ಮೆಟ್ಟಿಲುಗಳು ಕಾಣಿಸಲಿಲ್ಲ ಎಂಬುದು ಅವರ ವಾದ. ಎಂಟನೆಯ ಸೀಸನ್ನಿನಲ್ಲಿ ಆಪ್ತಸಖಿಯ ಕೊಲೆ, ಎರಡನೆಯ ಡ್ರ್ಯಾಗನ್ನಿನ ಸಾವು, ತನಗಿಂತ ಮಿಗಿಲಾದ ಹಕ್ಕುದಾರ ತನ್ನ ಪ್ರಿಯನೇ ಎಂಬ ಅರಿವು, ಉತ್ತರದವರ ಅನಾದರ ಇವೆಲ್ಲವೂ ಒಂದರ ಮೇಲೊಂದು ಬಂದೆರಗುತ್ತವೆ. ಕಾರಣಗಳಿಗೆ ಕೊರತೆಯಿಲ್ಲ. ಆ ಕಾರಣಗಳು ಆಕೆಯ ಮನಸ್ಸಿನಲ್ಲಿ ಇಳಿದು, ಕದಡಿ, ಹೆಪ್ಪುಗಟ್ಟಲು ಬೇಕಾದ ಕಾಲಕ್ಕೆ ಮಾತ್ರ ಕೊರತೆಯಿದೆ.

ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಬೀಜನ್ಯಾಸ ಸಮರ್ಪಕವಾಗಿಯೇ ಇತ್ತು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ ಬೀಜವು ಮೊಳೆತು, ಕಾಣಿಸಿಕೊಂಡು, ಮರೆಯಾಗಿ, ಅಡ್ಡಿಗಳೊಡನೆ ಹೆಣಗಿ ಕೊನೆಗೆ ಫಲಿಸಬೇಕು. ಇವುಗಳಲ್ಲಿ ವಿಮರ್ಶಸಂಧಿಯೇ ಅತ್ಯಂತ ಸೂಕ್ಷ್ಮವಾದದ್ದು. ಕ್ರೋಧ, ವ್ಯಸನ, ಪ್ರಲೋಭನೆಗಳಿಂದ ಫಲ ಸಂದೇಹಕ್ಕೊಳಗಾಗುವ ಘಟ್ಟವದು. ಡನೇರಿಸಳ ಕಥೆಯಲ್ಲಿ ಈ ಘಟ್ಟಕ್ಕೆ ದೊರೆತದ್ದು ಒಂದೆರಡು ಕಂತುಗಳು ಮಾತ್ರ. ಗಂಟೆ ಮೊಳಗುವ ಗಳಿಗೆಯಲ್ಲಿ ಕ್ಯಾಮೆರಾ ಆಕೆಯ ಮುಖದ ಮೇಲೆ ಕೆಲವು ಕ್ಷಣ ನಿಲ್ಲುತ್ತದೆ. ಡ್ರ್ಯಾಗನ್ ಮೇಲೆದ್ದ ಬಳಿಕ ಆ ಕಂತಿನಲ್ಲಿ ಆಕೆಯ ಮುಖ ಮತ್ತೆ ಹತ್ತಿರದಿಂದ ಕಾಣಿಸುವುದಿಲ್ಲ. ನೋಟ ಬೀದಿಗಳಲ್ಲಿ ಬೆಂದು ಓಡುವವರ ಕಡೆಗೆ ತಿರುಗುತ್ತದೆ. ಸಂತ್ರಸ್ತರ ಪಾಲಿಗೆ ಇದು ನ್ಯಾಯವಾದ ಆಯ್ಕೆ, ನಿರ್ದೇಶನದ ದೃಷ್ಟಿಯಿಂದ ಪ್ರಭಾವಶಾಲಿಯೂ ಹೌದು. ಆದರೆ ಕೃತ್ಯ ನಡೆಯುವಾಗ ಕರ್ತೃವಿನ ಮನಸ್ಸಿಗೆ ಪ್ರವೇಶವೇ ಇಲ್ಲವಾಗುತ್ತದೆ. ಆಕೆಯ ಕಣ್ಣಿನಿಂದಲೇ ನಿರೂಪಿತವಾದ ಅಧ್ಯಾಯಗಳುಳ್ಳ ಕಾದಂಬರಿಗೆ ಇದು ತದ್ವಿರುದ್ಧವಾದ ವಿಧಾನ.

ಕಾಲವೇ ಇರಲಿಲ್ಲವೆಂದು ಹೇಳುವಂತಿಲ್ಲ. ಕೊನೆಯ ಸೀಸನ್ನಿನಲ್ಲಿ ಕಂತುಗಳು ಕಡಮೆಯಾದರೂ ಅವುಗಳಲ್ಲಿ ಕೊನೆಯ ನಾಲ್ಕರ ಅವಧಿ ತಲಾ 80 ನಿಮಿಷಗಳ ಆಸುಪಾಸಿನಲ್ಲಿದೆ. ಮೂರನೆಯ ಕಂತಾದ ‘ದಿ ಲಾಂಗ್ ನೈಟ್’ ಒಂದೇ ರಾತ್ರಿಯ ಯುದ್ಧಕ್ಕೆ 82 ನಿಮಿಷಗಳನ್ನು ವ್ಯಯಿಸುತ್ತದೆ. ಕಥಾಕಾಲವೆಂದರೆ ಘಟನೆಗಳು ನಡೆಯಲು ಹಿಡಿಯುವ ಕಾಲ, ಕಥನಕಾಲವೆಂದರೆ ಅವುಗಳನ್ನು ಹೇಳಲು ಹಿಡಿಯುವ ಕಾಲ. ಇವೆರಡರ ಪ್ರಮಾಣವೇ ಗತಿ. ಯಾವುದರ ಮುಂದೆ ಕಥನ ನಿಧಾನಿಸುತ್ತದೆಯೋ ಅದು ಮಹತ್ತ್ವದ್ದೆಂದು ಪ್ರೇಕ್ಷಕ ತಿಳಿಯುತ್ತಾನೆ. ಯುದ್ಧಕ್ಕೆ ವಿಳಂಬಗತಿ, ಮನಃಪರಿವರ್ತನೆಗೆ ದ್ರುತಗತಿ ದೊರೆತಾಗ ಅವನಿಗೆ ಪ್ರಮಾಣಭಂಗದ ಅನುಭವವಾಗುತ್ತದೆ. ಅಭಿಮಾನಿಗಳು ‘ಅವಸರವಾಯಿತು’ ಎಂಬ ಒಂದೇ ಪದದಲ್ಲಿ ಹೇಳಿದ್ದು ಇದನ್ನೇ. ಅವರಿಗೆ ದೊರೆಯದಿದ್ದದ್ದು ಪರಿಭಾಷೆ ಮಾತ್ರ.

ಬ್ರಾನ್ ರಾಜನಾಗುವ ಪ್ರಸಂಗವನ್ನೂ ಹೀಗೆಯೇ ವಿವರಿಸಬಹುದು. ಎಲ್ಲರ ನೆನಪನ್ನು ಹೊತ್ತ ಬ್ರಾನನ ಕಥೆಗಿಂತ ಮಿಗಿಲಾದ ಕಥೆ ಯಾರದು ಎಂಬುದು ಟಿರಿಯನ್ ಮಂಡಿಸುವ ವಾದ. ತತ್ತ್ವವಾಗಿ ಅದು ಸುಂದರವಾದದ್ದೇ. ಆದರೆ ಐದನೆಯ ಸೀಸನ್ನಿನ ಹತ್ತು ಕಂತುಗಳಲ್ಲಿಯೂ ಬ್ರಾನ್ ಕಾಣಿಸಿಕೊಂಡಿರಲಿಲ್ಲ. ಯಾರ ಕಥೆಯನ್ನು ಧಾರಾವಾಹಿ ಒಂದು ವರ್ಷ ಬದಿಗಿರಿಸಿತ್ತೋ ಅವನ ಕಥೆಯೇ ಶ್ರೇಷ್ಠವೆಂದು ಸಾರಿದಾಗ ಮಾತಿಗೂ ಗತಿಗೂ ವಿರೋಧ ಉಂಟಾಯಿತು.

ರೂಪಾಂತರಕಾರರ ಪರವಾಗಿ

ಒಂದೇ ಪಕ್ಷವನ್ನು ಆಲಿಸುವುದು ವಿಮರ್ಶೆಯ ಧರ್ಮವಲ್ಲ. ರೂಪಾಂತರಕಾರರ ಪರವಾಗಿ ಮೂರು ಮಾತುಗಳನ್ನು ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಮೂಲ ಲೇಖಕನೇ ಮುಗಿಸಲಾಗದ ಕಥೆಯನ್ನು ಮುಗಿಸುವ ಹೊಣೆ ಅವರ ಮೇಲೆ ಬಿದ್ದಿತು. ತೋಟಗಾರನ ತೋಟವನ್ನು ವಾಸ್ತುಶಿಲ್ಪಿಯ ನಕ್ಷೆಗೆ ಹೊಂದಿಸುವ ಕೆಲಸವದು. ಎರಡನೆಯದಾಗಿ, ಕಾದಂಬರಿಯ ಪಾತ್ರಗಳು ಲೇಖಕನಿಗಾಗಿ ಹತ್ತು ವರ್ಷ ಕಾಯಬಲ್ಲವು, ನಟರು ಕಾಯಲಾರರು. ಬಾಲನಟರು ಬೆಳೆಯುತ್ತಾರೆ, ಒಪ್ಪಂದಗಳು ಮುಗಿಯುತ್ತವೆ, ವೆಚ್ಚ ಏರುತ್ತದೆ. ಮೂರನೆಯದಾಗಿ, ಎಂಟು ವರ್ಷಗಳ ಕಾಲ ಅಭಿಮಾನಿಗಳು ಹೆಣೆದ ಊಹೆಗಳ ಸಂಖ್ಯೆ ಅಪಾರ. ಯಾವುದೇ ಮುಕ್ತಾಯವೂ ಒಂದೋ ಊಹಿತವಾಗಿ ಇಲ್ಲವೇ ಅಸಮಂಜಸವಾಗಿ ಕಾಣುವ ಅಪಾಯವಿತ್ತು. ಶವಸೈನ್ಯದ ಒಡೆಯನನ್ನು ಜಾನ್ ಕೊಲ್ಲುವನೆಂಬ ಸಾರ್ವತ್ರಿಕ ನಿರೀಕ್ಷೆಯನ್ನು ತಪ್ಪಿಸುವ ಸಲುವಾಗಿಯೇ ಆರ್ಯಳನ್ನು ಆರಿಸಿಕೊಂಡದ್ದಾಗಿ ನಿರ್ಮಾಪಕರು ಹೇಳಿದ್ದಾರೆ.

ಇವುಗಳಲ್ಲಿ ಮೊದಲೆರಡು ನಿಜವಾದ ಕಷ್ಟಗಳು. ಆದರೂ ಹೆಚ್ಚಿನ ಕಂತುಗಳಿಗೆ ವಾಹಿನಿ ಸಿದ್ಧವಿತ್ತೆಂಬುದೂ, ಎಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಗಂಟೆಗಳಲ್ಲಿ ಮುಗಿಸುವ ತೀರ್ಮಾನ ನಿರ್ಮಾಪಕರದೇ ಎಂಬುದೂ ಬಹಿರಂಗವಾದ ಸಂಗತಿಗಳು. 2018ರ ಫೆಬ್ರವರಿಯಲ್ಲಿ ಅವರು ‘ಸ್ಟಾರ್ ವಾರ್ಸ್’ ಚಿತ್ರಗಳ ಹೊಣೆ ಒಪ್ಪಿಕೊಂಡ ಸುದ್ದಿ ಬಂದಿತ್ತು. ಅವಸರಕ್ಕೆ ಅದೇ ಕಾರಣವೆಂದು ಹಲವರು ಆರೋಪಿಸಿದರು. ಇದು ಊಹೆಯೇ ಹೊರತು ಪ್ರಮಾಣವಲ್ಲ. ಲೇಖಕನ ಮನಸ್ಸಿನಲ್ಲಿದ್ದ ಹೇತುವನ್ನು ಹುಡುಕುವುದಕ್ಕಿಂತ ಕೃತಿಯಲ್ಲಿ ಕಾಣುವ ದೋಷವನ್ನು ಗುರುತಿಸುವುದೇ ವಿಮರ್ಶೆಯ ಕಾರ್ಯ. ಮೂರನೆಯ ಸಮರ್ಥನೆಯಾದರೋ ಒಪ್ಪತಕ್ಕದ್ದಲ್ಲ. ಈ ಧಾರಾವಾಹಿಯ ಹಿರಿಮೆ ಅಚ್ಚರಿಯೊಂದರಲ್ಲಿಯೇ ಇರಲಿಲ್ಲ. ನೆಡ್ ಸ್ಟಾರ್ಕನ ಸಾವು ಬಂದಾಗ ಬೆರಗು, ಬಂದ ಮೇಲೆ ಹಿಂದಿರುಗಿ ನೋಡಿದರೆ ಅನಿವಾರ್ಯ. ನಿರೀಕ್ಷೆಯನ್ನು ತಪ್ಪಿಸುವುದೇ ಗುರಿಯಾದಾಗ ಬೆರಗು ಉಳಿದು ಅನಿವಾರ್ಯತೆ ಹೋಗುತ್ತದೆ.

ವಿರುದ್ಧ ದಿಕ್ಕಿನ ದೂರು

ವೇಗವೊಂದೇ ದೋಷವಾಗಿದ್ದರೆ ನಿಧಾನವೇ ಪರಿಹಾರವಾಗಬೇಕಾಗಿತ್ತು. ಹಾಗಲ್ಲವೆಂಬುದಕ್ಕೆ ಅದೇ ವಾಹಿನಿಯ ‘ಹೌಸ್ ಆಫ್ ದಿ ಡ್ರ್ಯಾಗನ್’ ನಿದರ್ಶನ. 2018ರಲ್ಲಿ ಪ್ರಕಟವಾದ ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ ಇದಕ್ಕೆ ಆಧಾರ. ಕಲ್ಪಿತ ಪಂಡಿತನೊಬ್ಬ ಪರಸ್ಪರ ವಿರುದ್ಧವಾದ ಆಕರಗಳನ್ನು ತೂಗಿ ಬರೆದ ಚರಿತ್ರೆಯ ರೂಪ ಅದಕ್ಕಿದೆ. 2022ರ ಮೊದಲ ಸೀಸನ್ ಹಲವು ವರ್ಷಗಳನ್ನು ಹತ್ತು ಕಂತುಗಳಲ್ಲಿ ದಾಟಿತು. ನಾಯಕಿಯರಿಬ್ಬರ ಪಾತ್ರಧಾರಿಗಳೇ ನಡುವೆ ಬದಲಾದರು. ಪಾತ್ರಗಳೊಡನೆ ಒಡನಾಡಲು ಅವಕಾಶವಾಗಲಿಲ್ಲವೆಂಬ ದೂರು ಕೇಳಿಬಂದಿತು. 2024ರ ಎರಡನೆಯ ಸೀಸನ್ ಎಂಟೇ ಕಂತುಗಳದಾಯಿತು. ಸೈನ್ಯಗಳು ಹೊರಟು ನಿಂತಲ್ಲಿಗೆ, ಮಹಾಯುದ್ಧಕ್ಕೆ ಮೊದಲೇ ಅದು ಮುಗಿದಾಗ, ಏನೂ ನಡೆಯಲಿಲ್ಲವೆಂಬ ಎದುರು ದೂರು ಬಂದಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಅವರೇ ರೂಪಾಂತರದ ಕೆಲವು ಬದಲಾವಣೆಗಳಿಗೆ ಬಹಿರಂಗವಾಗಿ ಆಕ್ಷೇಪ ಸೂಚಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಆ ಬರೆಹ ಹಿಂತೆಗೆಯಲ್ಪಟ್ಟಿತಾದರೂ ಅದರ ತಿರುಳು ಚಿಂತನಾರ್ಹವಾಗಿದೆ. ರಾಜಮನೆತನದ ಪುಟ್ಟ ಮಗುವೊಂದರ ಪಾತ್ರವನ್ನು ಕೈಬಿಟ್ಟದ್ದು ಸದ್ಯಕ್ಕೆ ಅಲ್ಪ ಬದಲಾವಣೆಯಂತೆ ಕಂಡರೂ, ಮುಂದೆ ಆ ಮಗುವಿನ ಕಾರಣದಿಂದ ನಡೆಯಬೇಕಾದ ಘಟನಾಸರಣಿಯೇ ಕಾರಣವಿಲ್ಲದೆ ನಿಲ್ಲುತ್ತದೆ ಎಂಬುದು ಅವರ ಕಳವಳ. ಇಂದು ಉಳಿಸಿದ ಹತ್ತು ನಿಮಿಷಗಳಿಗೆ ಎರಡು ಸೀಸನ್ನುಗಳ ಬಳಿಕ ಬಡ್ಡಿ ತೆರಬೇಕಾಗುತ್ತದೆ. ಪತಾಕೆ, ಪ್ರಕರಿಗಳೆಂಬ ಉಪಕಥೆಗಳನ್ನು ಪ್ರಾಚೀನರು ಅಲಂಕಾರವೆಂದು ಕರೆಯದೆ ಅರ್ಥಪ್ರಕೃತಿಗಳಲ್ಲಿ, ಅಂದರೆ ಫಲಸಾಧನೆಯ ಸಾಮಗ್ರಿಯಲ್ಲಿ ಸೇರಿಸಿದ್ದರ ಔಚಿತ್ಯ ಇಲ್ಲಿ ಮನದಟ್ಟಾಗುತ್ತದೆ.

ಅಪೂರ್ಣ ಕೃತಿ ಮತ್ತು ಕನ್ನಡದ ಅನುಭವ

ಒಬ್ಬನು ಬಿಟ್ಟ ಕಥೆಯನ್ನು ಇನ್ನೊಬ್ಬನು ಮುಗಿಸುವುದು ಭಾರತೀಯ ಪರಂಪರೆಗೆ ಹೊಸತಲ್ಲ. ಬಾಣನ ‘ಕಾದಂಬರಿ’ಯನ್ನು ಅವನ ಮಗ ಪೂರ್ಣಗೊಳಿಸಿದನು. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳಲ್ಲಿ ಭಾರತಕಥೆಯನ್ನು ನಿಲ್ಲಿಸಿದನು. ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಅದೇ ಭಾಮಿನಿ ಷಟ್ಪದಿಯಲ್ಲಿ ರಚಿಸಿದನು. ಇಂಗ್ಲಿಷಿನಲ್ಲಿಯೂ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿದ್ದ ‘ದಿ ವ್ಹೀಲ್ ಆಫ್ ಟೈಮ್’ ಮಾಲೆಯನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಮೂರು ಸಂಪುಟಗಳಲ್ಲಿ 2013ರ ವೇಳೆಗೆ ಮುಗಿಸಿದರು. ಆದರೆ ತಿಮ್ಮಣ್ಣಕವಿಯ ಓದುಗರಿಗೂ ಈ ಧಾರಾವಾಹಿಯ ಪ್ರೇಕ್ಷಕರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಭಾರತದ ಕಥೆ ಎಲ್ಲರಿಗೂ ತಿಳಿದದ್ದು. ಅಲ್ಲಿ ಕೇಳುಗನ ಕುತೂಹಲ ಮುಂದೇನೆಂಬುದರಲ್ಲಿಲ್ಲ, ಹೇಗೆ ಹೇಳುವನೆಂಬುದರಲ್ಲಿದೆ. ಕವಿಗೆ ಗತಿಯ ಸ್ವಾತಂತ್ರ್ಯ ಅದರಿಂದಲೇ ದೊರೆಯುತ್ತದೆ. ಪಂಪನು ಇಡೀ ಭಾರತವನ್ನು ಹದಿನಾಲ್ಕು ಆಶ್ವಾಸಗಳಲ್ಲಿ ಅಡಕಗೊಳಿಸಿದಾಗ ಬಿಟ್ಟದ್ದನ್ನು ತುಂಬಿಕೊಳ್ಳುವ ಶಕ್ತಿ ಕೇಳುಗನಲ್ಲಿತ್ತು. ಕಲ್ಪಿತ ಲೋಕದ ಕಥೆಯಲ್ಲಿ ಆ ಸಾಮಾನ್ಯ ನಿಧಿಯಿಲ್ಲ. ಹೇಳದೆ ಬಿಟ್ಟದ್ದು ಅಲ್ಲಿ ಇಲ್ಲವೇ ಇಲ್ಲ.

ಇದರ ಹತ್ತಿರದ ಅನುಭವ ಯಕ್ಷಗಾನದ ಪ್ರೇಕ್ಷಕರಿಗಿದೆ. ಇಡೀ ರಾತ್ರಿಯ ಆಟ ಕಾಲಮಿತಿಯ ಪ್ರಯೋಗವಾಗಿ ಕಿರಿದಾದಾಗ ಕರಾವಳಿಯಲ್ಲಿ ಎದ್ದ ಚರ್ಚೆ ಇನ್ನೂ ನಿಂತಿಲ್ಲ. ಮಳೆಗಾಲದ ತಿರುಗಾಟದಲ್ಲಿ ಮುಂಬಯಿಗೆ ಬರುವ ತಂಡಗಳ ಆಟವನ್ನು ಸಭಾಗೃಹಗಳಲ್ಲಿ ನೋಡುವ ಕನ್ನಡಿಗರೂ ಇದನ್ನು ಬಲ್ಲರು. ಪ್ರಸಂಗದ ಘಟನೆಗಳು ಮೂರು ಗಂಟೆಗಳಲ್ಲಿ ಉಳಿಯುತ್ತವೆ. ಪೀಠಿಕೆಯ ಮಾತು, ಒಂದು ಪದ್ಯದ ಮೇಲೆ ಬೆಳೆಯುವ ಅರ್ಥಗಾರಿಕೆ, ವೀರನು ಕೋಪಕ್ಕೇರುವ ಮೊದಲಿನ ತೊಳಲಾಟ ಮೊದಲು ಕತ್ತರಿಗೆ ಸಿಕ್ಕುತ್ತವೆ. ಕಥೆ ತಿಳಿದಿರುವುದರಿಂದ ಅಲ್ಲಿ ಪ್ರೇಕ್ಷಕನು ದಾರಿತಪ್ಪುವುದಿಲ್ಲ; ರಸ ಮಾತ್ರ ತೆಳುವಾಗುತ್ತದೆ. ಕಥೆ ತಿಳಿಯದ ಧಾರಾವಾಹಿಯಲ್ಲಿ ರಸವೂ ಹೋಗಿ, ದಾರಿಯೂ ತಪ್ಪುತ್ತದೆ.

ಸಮಾರೋಪ

ಇಷ್ಟೆಲ್ಲ ಹೇಳಿದ ಮೇಲೂ 15 ಲಕ್ಷ ಸಹಿಗಳ ಅರ್ಜಿಯ ಕುರಿತು ಒಂದು ನಿಲುವು ತಳೆಯುವುದು ಅಗತ್ಯ. ಅರ್ಜಿದಾರರ ರೋಗನಿದಾನ ಬಹುಮಟ್ಟಿಗೆ ಸರಿಯಾಗಿತ್ತು, ಅವರು ಬೇಡಿದ ಚಿಕಿತ್ಸೆ ಸರಿಯಾಗಿರಲಿಲ್ಲ. ಹಾಳಾದ ಪದಾರ್ಥವನ್ನು ಅಂಗಡಿಗೆ ಹಿಂದಿರುಗಿಸಿ ಬೇರೊಂದನ್ನು ಕೇಳುವ ಗ್ರಾಹಕನ ನ್ಯಾಯ ಕೃತಿಗೆ ಅನ್ವಯಿಸುವುದಿಲ್ಲ. ಪ್ರೇಕ್ಷಕನ ಬಹುಮತದಿಂದ ಮತ್ತೆ ಬರೆಯಲ್ಪಟ್ಟ ಮುಕ್ತಾಯ ಯಾರ ಕಾಣ್ಕೆಯೂ ಆಗಿರುವುದಿಲ್ಲ. ಸಹೃದಯನ ಅಧಿಕಾರ ಇರುವುದು ಒಪ್ಪುವುದರಲ್ಲಿ, ಒಪ್ಪದಿರುವುದರಲ್ಲಿ, ಏಕೆ ಒಪ್ಪಲಾಗದೆಂದು ಕಾರಣಸಹಿತವಾಗಿ ಹೇಳುವುದರಲ್ಲಿ. ಈ ಧಾರಾವಾಹಿಯ ಪ್ರೇಕ್ಷಕರಲ್ಲಿ ಅನೇಕರು ಆ ಕೆಲಸವನ್ನು ಯಾವ ಶಾಸ್ತ್ರದ ನೆರವೂ ಇಲ್ಲದೆ ಮಾಡಿದರು. ಬೀಜವನ್ನು ಗುರುತಿಸಿದರು, ಫಲವನ್ನು ತೂಗಿದರು, ನಡುವೆ ಬಿಟ್ಟುಹೋದ ಸಂಧಿಯನ್ನು ಬೆರಳಿಟ್ಟು ತೋರಿಸಿದರು.

ಕನ್ನಡ ವಿಮರ್ಶೆ ವಸ್ತು, ಭಾಷೆ, ಧೋರಣೆಗಳ ಬಗೆಗೆ ಮಾತನಾಡಿದಷ್ಟು ಗತಿಯ ಬಗೆಗೆ ಮಾತನಾಡಿಲ್ಲ. ನೂರಾರು ಕಂತುಗಳ ಕನ್ನಡ ಧಾರಾವಾಹಿಗಳನ್ನು ಲಕ್ಷಾಂತರ ಮನೆಗಳಲ್ಲಿ ನೋಡುತ್ತಿರುವಾಗ, ಕಾದಂಬರಿಗಳು ತೆರೆಗೆ ಬರುತ್ತಿರುವಾಗ, ಕಥನಕಾಲದ ಹಂಚಿಕೆಯನ್ನು ಅಳೆಯುವ ಮಾನದಂಡಗಳು ಅವಶ್ಯಕ. ಸಂಧಿ, ಅರ್ಥಪ್ರಕೃತಿ, ಅರ್ಥೋಪಕ್ಷೇಪಕಗಳನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಪಟ್ಟಿಮಾಡುವುದಕ್ಕೆ ಮಾತ್ರ ಬಳಸುತ್ತಿರುವ ವಿದ್ಯಾರ್ಥಿಗಳು ಅವುಗಳನ್ನು ಇಂಥ ಸಮಕಾಲೀನ ಕಥನಗಳ ಮೇಲೆ ಪ್ರಯೋಗಿಸಿ ನೋಡಿದರೆ, ಆ ಪರಿಭಾಷೆಯ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.